ಫಕೀರಪ್ಪ ಕೋಳಿ ಬಿಟ್ಟದ್ದು

ಹೊಳೆಗೆ ಇನ್ನೂ ಸೇತುವೆ ಆಗದ ಕಾಲ. ಆಚೆ ದಂಡೆಯಲ್ಲಿ ದೇವಿಯ ಗುಡಿ, ಈಚೆ ದಂಡೆಯಲ್ಲಿ ಮುರಿಗೆಪ್ಪಜ್ಜನವರ ಆಶ್ರಮ. ಆಶ್ರಮವೆಂದರೆ ಒಂದು ಮಣ್ಣಿನ ಮನೆ, ಒಂದು ಬೇವಿನ ಮರ.

ದೇವಿಗೆಂದು ಹರಕೆಯ ಕೋಳಿ ತಂದವರಲ್ಲಿ ಕೆಲವರಿಗೆ ದೋಣಿ ಹತ್ತುವ ಹೊತ್ತಿಗೆ ಮನಸ್ಸು ಕರಗುತ್ತಿತ್ತು. ಅಂಥವರು ಕೋಳಿಯನ್ನು ಅಜ್ಜನವರ ಅಂಗಳದಲ್ಲಿ ಬಿಟ್ಟು, ದೇವಿಗೆ ಕಾಯಿ ಒಡೆದು ಹೋಗುತ್ತಿದ್ದರು. ಹೀಗೆ ಅಲ್ಲೊಂದು ಕೋಳಿ ಸಂಸಾರವೇ ಬೆಳೆದಿತ್ತು.

ಅವನ್ನು ನೋಡಿಕೊಳ್ಳುವ ಕೆಲಸ ಶಿಷ್ಯ ಫಕೀರಪ್ಪನದು.

ಫಕೀರಪ್ಪ ಹೆಂಡತಿ ಸತ್ತ ಮೇಲೆ ಅಲ್ಲಿಗೆ ಬಂದವನು. ಅವನು ಕುರಿ ಸಂತೆಗೆ ಹೋಗಿದ್ದಾಗ ಅವಳಿಗೆ ಜ್ವರ ಬಂದಿತ್ತು. ತಿರುಗಿ ಬರುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಅಂದಿನಿಂದ ಅವಳ ಹೆಸರನ್ನು ಅವನು ಯಾರ ಮುಂದೆಯೂ ಎತ್ತಿರಲಿಲ್ಲ.

ಬಂದ ವರ್ಷವೇ ಹದ್ದೊಂದು ಮರಿ ಎತ್ತಿಕೊಂಡು ಹೋಯಿತು. ಫಕೀರಪ್ಪ ತೊಗರಿ ಕಟ್ಟಿಗೆಯ ತಡಿಕೆ ಹೆಣೆದ. ಮೇಲೆ ಮೀನುಗಾರರ ಹಳೆಯ ಬಲೆ ಹೊದಿಸಿದ. ಕೋಳಿಗಳನ್ನೆಲ್ಲ ಒಳಗೆ ಕೂಡಿ ಬಾಗಿಲಿಗೆ ಹಗ್ಗ ಬಿಗಿದ.

"ಇನ್ನ ಒಂದೂ ಸಾಯಂಗಿಲ್ರಿ, ಅಜ್ಜಾರ."



ಹದ್ದು ಮುಟ್ಟಲಿಲ್ಲ, ಮುಂಗುಸಿ ಮುಟ್ಟಲಿಲ್ಲ. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಕೋಳಿಗಳು ಒಂದನ್ನೊಂದು ಕುಕ್ಕತೊಡಗಿದವು. ಕೆಂಚಿ ಎಂಬ ಹೇಂಟೆಯ ಬೆನ್ನು ಬೋಳಾಯಿತು. ದೋಣಿಯವರ ಬಾಣಂತಿಯರಿಗೆ ಕಳಿಸುತ್ತಿದ್ದ ಮೊಟ್ಟೆ ನಿಂತವು. ಹುಂಜ ಕೂಗುವುದನ್ನೇ ಬಿಟ್ಟಿತು.

ಅಜ್ಜ ತಡಿಕೆಯ ಬಳಿ ಬಂದು ನಿಂತರು.

"ಫಕೀರಪ್ಪ, ಇವು ಬದುಕ್ಯಾವೋ, ಬರೇ ಸಾಯದ ಉಳದಾವೋ?"

ಫಕೀರಪ್ಪ ತಲೆ ತಗ್ಗಿಸಿದ. "ಬಿಟ್ಟರ ಏನರ ಹಿಡೀತೈತ್ರಿ."

"ಬಿಡಾಕೂ ಒಂದು ಹೊತ್ತೈತಿ. ಮುಂಜಾನೆ ಬಿಟ್ಟರ ಊರು ತಿರುಗ್ತಾವ. ಹೊತ್ತು ಇಳಿಯೂ ಮುಂದ ಬಿಡು, ಹಸದಾಗ ಬಿಡು. ಮಬ್ಬಾಗೂದರಾಗ ಕಾಳು ಒಳಗ ಚೆಲ್ಲು. ತಾವ ಬರ್ತಾವ."

"ಹದ್ದು ಬಂದರ?"

"ಅವಕ್ಕ ಅಡಗಾಕ ಕಂಟಿ ಬೇಕು. ನಿನಗ ನೋಡಾಕ ಕಣ್ಣು ಬೇಕು."

ಫಕೀರಪ್ಪ ಜಾಲಿಯ ಮುಳ್ಳುಕಂಟಿ ಕಡಿದು ತಂದು ಅಂಗಳದಲ್ಲಿ ಅಲ್ಲಲ್ಲಿ ಒಟ್ಟಿದ. ಕೋಳಿ ನುಗ್ಗಬಹುದು, ಹದ್ದು ಇಳಿಯಲಾರದು. ಅಂಗಳದ ಸುತ್ತಲಿನ ಕತ್ತಾಳೆ ಬೇಲಿಯ ಸಂದುಗಳಿಗೆ ಕಲ್ಲು ಇಟ್ಟ. ಹೊತ್ತು ಇಳಿದ ಮೇಲೆ ಹಗ್ಗ ಬಿಚ್ಚಿದ.

ಕೋಳಿಗಳು ಬಾಗಿಲಲ್ಲೇ ನಿಂತವು. ಬಯಲು ಹೇಗಿರುತ್ತದೆಂಬುದೇ ಅವಕ್ಕೆ ಮರೆತಂತಿತ್ತು. ಹುಂಜ ಒಂದು ಕಾಲು ಹೊರಗಿಟ್ಟಿತು, ಎಳೆದುಕೊಂಡಿತು, ಮತ್ತೆ ಇಟ್ಟಿತು. ಆಮೇಲೆ ಎಲ್ಲವೂ ಹೊರಗೆ.

ಫಕೀರಪ್ಪ ಕೈಯಲ್ಲಿ ಬಡಿಗೆ ಹಿಡಿದು, ಒಮ್ಮೆ ಮುಗಿಲು, ಒಮ್ಮೆ ಬೇಲಿ ನೋಡುತ್ತ ನಿಂತೇ ಇದ್ದ. ಮಬ್ಬಾಗುವ ಮುನ್ನ ಒಳಗೆ ಜೋಳ ಚೆಲ್ಲಿದ. ಎಲ್ಲವೂ ಓಡಿ ಬಂದವು. ಅವತ್ತು ಅವನು ಹೊಟ್ಟೆ ತುಂಬ ಉಂಡ.

ಮುಂದೆ ಮುಪ್ಪಿನಲ್ಲಿಯೂ ಅವನ ಕಣ್ಣಿಗೆ ಕಟ್ಟಿದಂತಿದ್ದದ್ದು ಆ ಸಂಜೆಗಳು. ಹೊಳೆಯ ಮೇಲಿಂದ ಬರುವ ತಣ್ಣನೆಯ ಗಾಳಿ, ಕೋಳಿಗಳಿಗಿಂತ ಉದ್ದವಾದ ಕೋಳಿಗಳ ನೆರಳು, ಬೇವಿನ ಬುಡದ ಧೂಳಿನಲ್ಲಿ ಹೊರಳುವ ಕೆಂಚಿ. ಹುಂಜ ಮತ್ತೆ ಕೂಗಿತು. ಕೆಂಚಿಯ ಬೆನ್ನ ಮೇಲೆ ಎಳೆಯ ಗರಿ ಮೂಡಿತು.

ಅಂಜಿಕೆ ಹೋಯಿತು. ಸುಮ್ಮನೆ ಯಾಕೆ ಹೊತ್ತು ಕಳೆಯಬೇಕು, ಇವು ಮೇಯುವಷ್ಟರಲ್ಲಿ ನನ್ನ ಧ್ಯಾನವೂ ಆದೀತು ಎಂದುಕೊಂಡ ಫಕೀರಪ್ಪ. ಬೇವಿಗೆ ಒರಗಿ ಕಣ್ಣು ಮುಚ್ಚಿ ಕೂರತೊಡಗಿದ.

ಒಂದು ಸಂಜೆ ಹುಂಜ ಚೀರಿತು. ಅವನು ಕಣ್ಣು ತೆರೆಯುವಷ್ಟರಲ್ಲಿ ಮುಂಗುಸಿ ಕೆಂಚಿಯ ಕುತ್ತಿಗೆ ಹಿಡಿದು ಕತ್ತಾಳೆಯೊಳಗೆ ನುಸುಳಿತ್ತು. ಬೇಲಿಯ ಬುಡದಲ್ಲಿ ಒಂದಿಷ್ಟು ಗರಿ ಉಳಿದಿತ್ತು, ಅಷ್ಟೇ.

ಉಳಿದವನ್ನೆಲ್ಲ ಒಳಗೆ ಕೂಡಿ, ಹಗ್ಗಕ್ಕೆ ಗಂಟಿನ ಮೇಲೆ ಗಂಟು ಹಾಕಿದ. ಮರುದಿನ ಅದನ್ನು ಬಿಚ್ಚಲೇ ಇಲ್ಲ. ಸಂಜೆ ಬಟ್ಟೆಯ ಗಂಟು ಕಟ್ಟಿ ಹೆಗಲಿಗೇರಿಸಿಕೊಂಡು ಬಂದ.

"ನಾ ಹೊಕ್ಕೀನ್ರಿ, ಅಜ್ಜಾರ. ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಅಜ್ಜ ತಡಿಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಹೋಗು. ಹೋಗೂಕಿಂತ ಮೊದಲ ಒಂದು ಹೇಳು. ಕೆಂಚಿ ಮಣ್ಣಾಗ ಹೆಂಗ ಹೊರಳ್ತಿತ್ತು?"

"ಅದನ್ಯಾಕ ಕೇಳ್ತೀರಿ?"

"ನೀ ನೋಡೀಯಲ್ಲ, ಅದಕ್ಕ."

ಫಕೀರಪ್ಪ ನಿಂತಲ್ಲೇ ಹೇಳತೊಡಗಿದ. "ಒಂದು ಮಗ್ಗಲಕ್ಕ ವಾಲಿ ಮಲಗತಿತ್ರಿ. ರೆಕ್ಕಿ ಬೀಸಣಿಕಿ ಹಂಗ ಬಿಚ್ಚಿ, ಕಾಲಿಲೆ ಧೂಳು ಮೈಮ್ಯಾಲೆ ಹಾಕ್ಕೊಂತಿತ್ತು. ಸುಖಕ್ಕ ಕಣ್ಣು ಅರ್ಧ ಮುಚ್ಚತಿದ್ವು. ನಮ್ಮ ನೀಲವ್ವನ ಕೋಳಿನೂ ಹಂಗ..."

ಹೆಸರು ಬಾಯಿಂದ ಹೊರಬಿದ್ದಿತ್ತು. ಅವನೇ ಬೆಚ್ಚಿದ.

"ಹಂಗ?" ಅಂದರು ಅಜ್ಜ.

ಹೆಗಲ ಗಂಟು ಕೆಳಗಿಳಿಯಿತು. ಫಕೀರಪ್ಪ ಕೂತ.

ಸಂಜೆ ಅವಳು ಬಾಗಿಲಲ್ಲಿ ನಿಂತು 'ಬಾ ಬಾ ಬಾ' ಎಂದು ರಾಗ ಎಳೆದು ಕೋಳಿ ಕರೆಯುತ್ತಿದ್ದುದನ್ನು ಹೇಳಿದ. ಆ ದನಿ ಕೇಳಿ ಅಡವಿಯಂಚಿನಲ್ಲಿ ಕುರಿ ಕಾಯುತ್ತಿದ್ದ ತಾನೂ ಮನೆಯ ದಾರಿ ಹಿಡಿಯುತ್ತಿದ್ದುದನ್ನು ಹೇಳಿದ. ಕಾವಿಗೆ ಕೂತ ಹೇಂಟೆಯನ್ನು ಅವಳು ಓರಗಿತ್ತಿಯನ್ನು ಬೈದ ಹಾಗೆ ಬೈಯುತ್ತಿದ್ದಳು. ಅದನ್ನು ಹೇಳುವಾಗ ಇಬ್ಬರೂ ನಕ್ಕರು.

"ಮೊಟ್ಟಿ ಕುದಿಸಿದರ ಹಳದಿ ನನಗ ಕೊಡ್ತಿದ್ಲ್ರಿ. ನನಗ ಸೇರಂಗಿಲ್ಲ ಅಂತಿದ್ಲು. ಆಕಿಗೆ ಅದ ಭಾಳ ಸೇರತಿತ್ತಂತ. ಮಣ್ಣಾದ ಮ್ಯಾಲೆ ಅವರವ್ವ ಹೇಳಿದ್ಲು."

ಅವನು ಅತ್ತ. ಅಜ್ಜ ತಡೆಯಲಿಲ್ಲ, ಎದ್ದು ಹೋಗಲೂ ಇಲ್ಲ.

ಬಿಸಿಲು ಬೇವಿನ ತುದಿಗೆ ಏರಿತ್ತು. ಒಳಗೆ ಕೋಳಿಗಳು ಬಾಗಿಲು ಕೆದರುತ್ತಿದ್ದವು.

ಫಕೀರಪ್ಪ ಮುಖ ಒರೆಸಿಕೊಂಡು ಎದ್ದ. ಗಂಟುಗಳು ಬಿಗಿದಿದ್ದವು. ಉಗುರಿಗೆ ಬಾರದ್ದನ್ನು ಹಲ್ಲಿನಿಂದ ಬಿಡಿಸಿದ. ಹುಂಜ ಅವನ ಕಾಲು ಸವರಿಕೊಂಡು ಹೊರಗೆ ಹೋಯಿತು. ಹಿಂದೆಯೇ ಉಳಿದವು.

ಅವನು ಬಡಿಗೆ ಎತ್ತಿಕೊಂಡು ಬೇಲಿಯ ಕಡೆ ನೋಡಿದ.

"ಅಜ್ಜಾರ, ಮುಂಗುಸಿ ನಾಳೆ ಮತ್ತ ಬರ್ತೈತ್ರಿ."

"ಬರ್ತೈತಿ," ಅಂದರು ಅಜ್ಜ. "ನೀನೂ ಬಾ."