ಜಗುಲಿಯ ಮೇಲಿನ ಹಪ್ಪಳ

“ಡಾಕ್ಟ್ರಮ್ಮಾ, ಮೈಯೊಳಗೆ ಕಾವಲುಗಾರರಿದ್ದಾರೆ ಅಂತ ನೀವೇ ಕಲಿಸಿದಿರಿ. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರಿಗೆ ಮುಂಚಿನ ಗಾಯ ಬೆಳೀತಾ ಇದ್ರೆ ಅವರೆಲ್ಲ ನಿದ್ದೆ ಹೊಡೀತಿರ್ತಾರಾ?”

ಕೇಳಿದವಳು ಆಶಾ ಕಾರ್ಯಕರ್ತೆ ಪುಟ್ಟತಾಯಮ್ಮ. ಅವಳು ಪರೀಕ್ಷೆಗೆ ಕರೆತಂದಿದ್ದ ಹೆಂಗಸೊಬ್ಬಳಲ್ಲಿ ಅಂದು ಅಂಥ ಗಾಯ ಸಿಕ್ಕಿತ್ತು. ನೋವಿಲ್ಲ, ಜ್ವರವಿಲ್ಲ, ಹೆಂಗಸು ಗುಂಡುಕಲ್ಲಿನ ಹಾಗಿದ್ದಳು. ಪುಟ್ಟತಾಯಮ್ಮನೂ ಗುಂಡುಕಲ್ಲೇ. ಊರಿನವರನ್ನೆಲ್ಲ ರೆಟ್ಟೆ ಹಿಡಿದು ಎಳೆತರುತ್ತಿದ್ದಳು, ತಾನು ಮಾತ್ರ ಒಮ್ಮೆಯೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ಬಾಯಲ್ಲಿ ಬಿಡುವಿಲ್ಲವೆಂಬ ನೆಪ, ಹೊಟ್ಟೆಯಲ್ಲಿ ಭಯ.

ಡಾಕ್ಟ್ರಮ್ಮ ನಕ್ಕು ಕತೆ ಶುರು ಮಾಡಿದರು.

ಒಂದು ಬೀದಿಯಿತ್ತು. ಬೀದಿಯ ತುಂಬ ಹಪ್ಪಳ ಮಾಡುವವರು. ಪ್ರತಿ ಮನೆಯೂ ದಿನಾ ಬೆಳಿಗ್ಗೆ ಒಳಗೆ ಮಾಡಿದ್ದರಲ್ಲಿ ಒಂದು ಹಪ್ಪಳವನ್ನು ತಟ್ಟೆಯಲ್ಲಿ ಜಗುಲಿಯ ಮೇಲಿಡಬೇಕು, ಅದು ಅಲ್ಲಿನ ಕಟ್ಟಳೆ. ಕಾವಲುಗಾರರು ಬಂದು ಮುರಿದು ತಿಂದು ನೋಡುವರು. ರುಚಿ ಕೆಟ್ಟಿದ್ದರೆ ಬಾಗಿಲು ಒಡೆಯುವರು. ತಟ್ಟೆಯೇ ಇಲ್ಲದಿದ್ದರೂ ಬಿಡುತ್ತಿರಲಿಲ್ಲ. ತಿಂದೂ ತಿಂದೂ ಕಾವಲುಗಾರರಿಗೆ ಹೊಟ್ಟೆ ಬಂದಿತ್ತು, ಆದರೆ ಕೆಲಸದಲ್ಲಿ ಮೋಸವಿರಲಿಲ್ಲ. ಎಷ್ಟೋ ಕಳ್ಳರನ್ನು ಹಿಡಿದಟ್ಟಿದ್ದರು.

ಒಬ್ಬ ಪಟಾಕಿಯವನು ಹಿತ್ತಿಲ ಗೋಡೆಯ ಬಿರುಕಿನಿಂದ ನುಸುಳಿ ಒಬ್ಬ ಹಪ್ಪಳದ ವ್ಯಾಪಾರಿಯ ಮನೆ ಸೇರಿಕೊಂಡ. ವ್ಯಾಪಾರಿ ದಾಕ್ಷಿಣ್ಯದ ಪ್ರಾಣಿ, ಬಂದವನನ್ನು ಹೋಗೆನ್ನಲು ನಾಲಿಗೆಯೇ ಏಳಲಿಲ್ಲ. ಪಟಾಕಿಯವನು ಗಲಾಟೆ ಮಾಡಲಿಲ್ಲ, ಬೀದಿಗೆ ತಲೆ ಹಾಕಲಿಲ್ಲ. ಒಳಕೋಣೆಯಲ್ಲಿ ಕೂತು ಮದ್ದು ಅರೆದ. ನಾಲ್ಕೇ ದಿನಕ್ಕೆ ಆ ಮನೆಯ ಹಪ್ಪಳವೆಲ್ಲ ಗಂಧಕ ನಾರತೊಡಗಿತು.

“ಇವತ್ತಿನದನ್ನು ಇಡಬೇಡ ಮಾರಾಯ, ಹಳೇ ಡಬ್ಬಿಯದನ್ನು ಇಡು” ಎಂದ ಪಟಾಕಿಯವನು. ವ್ಯಾಪಾರಿ ಹಾಗೇ ಮಾಡಿದ. ಜೊತೆಗೆ ಕಾವಲುಗಾರರಿಗೆ ಒಂದೊಂದು ಲೋಟ ಮಜ್ಜಿಗೆ ಕೊಟ್ಟ. ಯಾವನೋ ಒಬ್ಬ ಮೂಗರಳಿಸಿದರೆ ಇನ್ನೊಬ್ಬ, “ನಮ್ಮವನೇ ಕಣಯ್ಯಾ, ಬಾ” ಎಂದು ಎಳೆದೊಯ್ದ. ವರ್ಷಗಳು ಹೋದವು. ಮದ್ದಿನ ಮೂಟೆಗಳು ಅಟ್ಟ ಮುಟ್ಟಿದವು. ಒಂದು ಕಿಡಿ ಬಿದ್ದಿದ್ದರೆ ಇಡೀ ಬೀದಿ ಬೂದಿಯಾಗುತ್ತಿತ್ತು.

ಆ ಬೀದಿಗೆ ಕೆಲವು ವರ್ಷಕ್ಕೊಮ್ಮೆ ಒಬ್ಬ ಅಜ್ಜಿ ಬರುವಳು. ಮನೆಮನೆಯ ಒಳಗೋಡೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಸುಣ್ಣ ಬಳಿಯುವಳು. ವ್ಯಾಪಾರಿ ಬಾಗಿಲಿಗೆ ಅಡ್ಡ ನಿಂತ.

“ನಮ್ಮನೇಲಿ ಎಲ್ಲಾ ಚೆನ್ನಾಗಿದೆ ಅಜ್ಜೀ. ಬೇಕಾದ್ರೆ ತಟ್ಟೆ ನೋಡು.”

“ತಟ್ಟೆ ನೋಡೋದು ಅವರ ಕೆಲಸ ಕಣಪ್ಪ. ಗೋಡೆ ನೋಡೋದು ನಂದು, ಸರಿ ಆಚೆ.”

ಒಳಗೆ ಹೋಗಿ ಒರೆಸಿದಳು. ಬಟ್ಟೆ ಕಪ್ಪಾಯಿತು. ಅಜ್ಜಿ ಕೂಗಾಡಲಿಲ್ಲ. ನಾಲ್ಕು ಜನರನ್ನು ಕರೆದು ಮೂಟೆಗಳನ್ನು ಹೊರಗೆ ಸಾಗಿಸಿ ನೀರು ಹೊಯ್ಸಿದಳು. ಇನ್ನೂ ಕಿಡಿ ಬಿದ್ದಿರಲಿಲ್ಲವಲ್ಲ, ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಮಧ್ಯಾಹ್ನಕ್ಕೆ ಬೀದಿಯವರೆಲ್ಲ ಎಂದಿನಂತೆ ಹಪ್ಪಳ ಒಣಗಿಸುತ್ತಿದ್ದರು.

“ಅಂದ್ರೆ ಈ ಗಾಯ ಮಾಡೋ ವೈರಸ್ಸೂ ಹೀಗೇ ಮಾಡುತ್ತಾ?” ಎಂದಳು ಪುಟ್ಟತಾಯಮ್ಮ.

“ಹೀಗೇ. ಜೀವಕೋಶ ತನ್ನೊಳಗೆ ಏನು ತಯಾರಾಗ್ತಿದೆ ಅಂತ ಚೂರುಚೂರು ಹೊರಗೆ ಹಿಡಿದು ತೋರಿಸಬೇಕು. ಈ ವೈರಸ್ಸು ಆ ತೋರಿಸೋದನ್ನೇ ಕೆಡಿಸುತ್ತೆ, ಕಾವಲುಗಾರರನ್ನೂ ಸಮಾಧಾನ ಮಾಡಿಡುತ್ತೆ. ಎಷ್ಟೋ ಸಲ ಸಿಕ್ಕಿಬೀಳುತ್ತೆ, ಕೆಲವು ಸಲ ತಪ್ಪಿಸಿಕೊಳ್ಳುತ್ತೆ. ಇವತ್ತು ಪರೀಕ್ಷೆಯಲ್ಲಿ ಒರೆಸಿ ನೋಡಿದಾಗ ಆ ಹೆಂಗಸಲ್ಲಿ ಸಿಕ್ಕಿರೋದು ಬರೀ ಮದ್ದಿನ ಮೂಟೆ. ತೆಗೆದರಾಯಿತು.”

ಪುಟ್ಟತಾಯಮ್ಮನಿಗೆ ಎದೆ ಹಗುರಾಯಿತು. ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

“ಆ ವ್ಯಾಪಾರಿ ಎಂಥ ಪೆದ್ದ ನೋಡಿ! ತಟ್ಟೆ ತೋರಿಸಿ ಅಜ್ಜೀನ ಸಾಗಹಾಕೋಕೆ ಹೊರಟಿದ್ದನಲ್ಲ!” ಎಂದು ಗಟ್ಟಿಯಾಗಿ ನಕ್ಕಳು.

“ನಿನ್ನ ತಟ್ಟೆನೂ ಬಹಳ ಚೆನ್ನಾಗಿದೆ ಪುಟ್ಟತಾಯಮ್ಮ, ಗೋಡೆ ಯಾವಾಗ ತೋರಿಸ್ತೀಯ?”

ಪುಟ್ಟತಾಯಮ್ಮ ಚೀಲವನ್ನು ಇಳಿಸಿ ಬೆಂಚಿನ ಮೇಲಿಟ್ಟಳು.