ತನ್ನ ಬಾಗಿಲಿಗೇ ತಿರುಗಿ ಬಂದ ಇಮೇಲ್

ದೇವರಿಗೆ ದೀಪ ಹಚ್ಚಿ ಆಯಿತು. ಕೂತುಕೊಳ್ಳಿ ಮಕ್ಕಳೇ, ಒಂದು ಇಲಿಯ ಸಂಗತಿ ಹೇಳುತ್ತೇನೆ.

ಕೆರೆ ಆಫೀಸಿನ ಬೀರುವಿನ ಕೆಳಗೆ ಒಂದು ಇಲಿ. ಕಾಲುವೆಯ ಆ ತುದಿಯ ಊರಲ್ಲಿ ಅದರ ತಂಗಿ. ತಂಗಿಯ ಬಿಲ ಒಣಗಿದ ಕಾಲುವೆಯೊಳಗೆ. ಬಿಲದಲ್ಲಿ ಕಣ್ಣು ಬಿಡದ ಮರಿಗಳು.

ಸಂಜೆ ಕೆರೆಯ ತೂಬು ಎತ್ತುತ್ತಾರೆ ಅಂತ ಇಲಿಯ ಕಿವಿಗೆ ಬಿತ್ತು. ಎತ್ತಿದರೆ ಕಾಲುವೆ ತುಂಬ ನೀರು. ಇಲಿ ಇಮೇಲ್ ಹಾಕಿತು. "ತಂಗೀ, ನೀರು ಬರುತ್ತೆ. ಮರಿಗಳನ್ನು ದಡಕ್ಕೆ ಸಾಗಿಸು."

ಇಮೇಲ್ ಕಳೆದೇ ಹೋಯಿತು. ಉತ್ತರ ಬರಲಿಲ್ಲ.

ಇಲಿ ಆಫೀಸಿನ ಮೂಲೆಯಲ್ಲಿ ಇಮೇಲ್ ಸಾಗಿಸೋ ಲಿನಕ್ಸ್ ಸರ್ವರನ್ನು ಕೇಳಿತು. "ಸರ್ವರಣ್ಣ, ನನ್ನ ಇಮೇಲ್ ಎಲ್ಲಿ?"

"ಇಲ್ಲೇ ಸುತ್ತುತ್ತಿದೆ. ಊರಾಚೆಗೆ ಹೊರೋದು ಪೇಟೆಯ ದೊಡ್ಡ ಸರ್ವರ್. ನನ್ನ ಸೆಟ್ಟಿಂಗಿನಲ್ಲಿ ಯಾರ ಕೈಗೆ ಕೊಡಬೇಕು ಅಂತ ಬರೆದ ಸಾಲಲ್ಲಿ ಅದರ ಹೆಸರಿಲ್ಲ, ನನ್ನ ಹೆಸರೇ ಇದೆ. ನನ್ನ ಕೈಯಿಂದ ನನ್ನ ಕೈಗೇ ಕೊಡ್ತಾ ಕೂತಿದ್ದೀನಿ. ಆ ಸಾಲು ಬರೆದವನನ್ನು ಕೇಳು."

ಬರೆದವನು ಗುಮಾಸ್ತ ತಿಪ್ಪೇಶಿ.

"ತಿಪ್ಪೇಶಣ್ಣ, ಹೆಸರು ತಿದ್ದು. ನೀನು ತಿದ್ದದೆ ಸರ್ವರ್ ಕಳಿಸಲ್ಲ, ಸರ್ವರ್ ಕಳಿಸದೆ ಇಮೇಲ್ ಹೋಗಲ್ಲ, ಇಮೇಲ್ ಹೋಗದೆ ಮರಿ ಉಳಿಯಲ್ಲ."

"ನಾನು ತಿದ್ದಲ್ಲ. ಅಧ್ಯಕ್ಷರು ಹೇಳಿದ್ದು ಬರೆದೆ. ಹಗಲನ್ನು ರಾತ್ರಿ ಅಂದರೂ ಬರೀತೀನಿ."

ಅಂಥ ಗುಮಾಸ್ತ ಅವನು. ಇಲಿ ಕೆರೆ ಏರಿಗೆ ಓಡಿತು. ಅಲ್ಲಿ ಕೆರೆ ಸಂಘದ ಅಧ್ಯಕ್ಷ ಗುರುಲಿಂಗಪ್ಪನವರು.

"ಅಧ್ಯಕ್ಷರೇ, ತಿದ್ದು ಅಂತ ಹೇಳಿ. ನೀವು ಹೇಳದೆ ತಿಪ್ಪೇಶಿ ತಿದ್ದಲ್ಲ, ತಿಪ್ಪೇಶಿ ತಿದ್ದದೆ ಸರ್ವರ್ ಕಳಿಸಲ್ಲ, ಸರ್ವರ್ ಕಳಿಸದೆ ಇಮೇಲ್ ಹೋಗಲ್ಲ, ಇಮೇಲ್ ಹೋಗದೆ ಮರಿ ಉಳಿಯಲ್ಲ."

"ನಾನು ಹೇಳಲ್ಲ. ನಮ್ಮ ಇಮೇಲನ್ನು ಪೇಟೆಯವರು ಹೊರಬೇಕೇ? ನಮಗೇನು ಕೈಯಿಲ್ಲವೇ?"

ಹೀಗಂದ ಮಹಾರಾಯರ ಎರಡು ಕೈಯೂ ಬೆನ್ನ ಹಿಂದೆ. ಅವರ ಕೊಡೆ ಹಿಡಿದು ನಿಂತವನು ಆಳು ಕೊಟ್ರ.

"ಕೊಟ್ರಣ್ಣ, ಕೊಡೆ ಇಳಿಸು. ನೀನು ಇಳಿಸದೆ ಅಧ್ಯಕ್ಷರು ಹೇಳಲ್ಲ, ಅಧ್ಯಕ್ಷರು ಹೇಳದೆ ತಿಪ್ಪೇಶಿ ತಿದ್ದಲ್ಲ, ತಿಪ್ಪೇಶಿ ತಿದ್ದದೆ ಸರ್ವರ್ ಕಳಿಸಲ್ಲ, ಸರ್ವರ್ ಕಳಿಸದೆ ಇಮೇಲ್ ಹೋಗಲ್ಲ, ಇಮೇಲ್ ಹೋಗದೆ ಮರಿ ಉಳಿಯಲ್ಲ."

"ನಾನು ಇಳಿಸಲ್ಲ. ಅವರ ನೆತ್ತಿ ಕಾದರೆ ಬೈಗುಳ ನನಗೆ."

ಕೊಟ್ರನ ಕಾಲ ಬಳಿ ಒಂದು ಇರುವೆ ಅಕ್ಕಿಕಾಳು ಹೊತ್ತು ಹೊರಟಿತ್ತು.

"ಇರುವೆ ತಾಯಿ, ಕೊಟ್ರನ ಕಾಲಿಗೆ ಒಂದು ಸಲ ಕಚ್ಚು. ನೀನು ಕಚ್ಚದೆ ಕೊಟ್ರ ಇಳಿಸಲ್ಲ, ಕೊಟ್ರ ಇಳಿಸದೆ ಅಧ್ಯಕ್ಷರು ಹೇಳಲ್ಲ, ಅಧ್ಯಕ್ಷರು ಹೇಳದೆ ತಿಪ್ಪೇಶಿ ತಿದ್ದಲ್ಲ, ತಿಪ್ಪೇಶಿ ತಿದ್ದದೆ ಸರ್ವರ್ ಕಳಿಸಲ್ಲ, ಸರ್ವರ್ ಕಳಿಸದೆ ಇಮೇಲ್ ಹೋಗಲ್ಲ, ಇಮೇಲ್ ಹೋಗದೆ ಮರಿ ಉಳಿಯಲ್ಲ."

"ಅಷ್ಟೇ ತಾನೆ? ನಮ್ಮಲ್ಲಿ ಒಬ್ಬರ ಹೊರೆಗೆ ಇನ್ನೊಬ್ಬರು ಹೆಗಲು ಕೊಡ್ತೀವಿ. ಅದರಿಂದ ಯಾರೂ ಇನ್ನಷ್ಟು ಚಿಕ್ಕವರಾಗಿಲ್ಲ."

ಇರುವೆ ಕಚ್ಚಿತು. ಕೊಟ್ರ ಕೊಡೆ ಬಿಟ್ಟ. ಕೊಡೆ ಏರಿಯ ಕೆಳಗೆ ಉರುಳಿತು. ಬಿಸಿಲು ಅಧ್ಯಕ್ಷರ ಬೋಳು ನೆತ್ತಿಗೆ ಬಿತ್ತು.

"ಕೊಡೆ, ಕೊಡೆ. ಹಿಡಿಯೋರು ಯಾರೂ ಇಲ್ಲವೇನೋ?"

"ನಿಮಗೆ ಕೈ ಇದೆಯಲ್ಲ," ಅಂದಿತು ಇಲಿ.

ಅಧ್ಯಕ್ಷರು ತಮ್ಮ ಕೈ ನೋಡಿಕೊಂಡರು. ಆ ಕೈಗೆ ಕೊಡೆ ಹಿಡಿಯೋದು ಗೊತ್ತೇ ಇರಲಿಲ್ಲ.

ಕೊಟ್ರ ಕಾಲು ಉಜ್ಜಿಕೊಳ್ಳುತ್ತಾ ಅಂದ. "ಇಲಿ ಕೇಳಿದ ಮಾತು ಹೇಳಿಬಿಡಿ ಬುದ್ಧಿ. ಕೊಡೆ ತರ್ತೀನಿ."

ಅಧ್ಯಕ್ಷರು ಹೇಳಿದರು. ತಿಪ್ಪೇಶಿ ತಿದ್ದಿದ. ಸರ್ವರ್ ಕಳಿಸಿತು. ಪೇಟೆಯ ಸರ್ವರ್ ಹೊತ್ತೊಯ್ದಿತು. ಕಳೆದ ಇಮೇಲ್ ತಂಗಿಗೆ ಸಿಕ್ಕಿತು. ಮರಿಗಳು ದಡ ಸೇರಿದವು.

ಸಂಜೆ ತೂಬು ಎತ್ತಿದರು. ನೀರು ಬಂತು. ಖಾಲಿ ಬಿಲ ತುಂಬಿತು.

ಉತ್ತರವೂ ಬಂತು. "ಅಕ್ಕಾ, ಮರಿಗಳೆಲ್ಲ ನನ್ನ ಮಗ್ಗುಲಲ್ಲೇ ಇವೆ."

ಇಲಿಯ ಹೊರೆ ಹೊತ್ತವರನ್ನು ದೇವರು ಕಾಯಲಿ. ಅಧ್ಯಕ್ಷರನ್ನು ಹೇಗೂ ಕೊಡೆ ಕಾಯುತ್ತದೆ.