ಮಂಗಟ್ಟೆಯ ಗೋಡೆ

ಹೊಳೆಯ ಈಚೆ ದಡದಲ್ಲಿ ನೀಲಕಂಠಜ್ಜನ ಆಶ್ರಮ. ಆಚೆ ದಡದಲ್ಲಿ ದೇವರ ಕಾಡು. ಕೊಡಲಿ ಕಾಣದ ಕಾಡು ಅದು. ಗಾಳಿಗೆ ಬಿದ್ದ ಮರವನ್ನೂ ಅಲ್ಲಿಂದ ಯಾರೂ ಎತ್ತುವುದಿಲ್ಲ. ಬಿದ್ದಲ್ಲೇ ಅದು ಮಣ್ಣಾಗಬೇಕು.

ಒಳಗೆ ಹೋಗುವವರಿಗೆ ಹಳೆಯದೊಂದು ಕಟ್ಟಳೆ. ಚಪ್ಪಲಿ ಈಚೆಗೇ ಬಿಡಬೇಕು. ಕಾಡಿನಲ್ಲಿ ಇರುವಷ್ಟು ಹೊತ್ತೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆಯಬೇಕು.

ಅಜ್ಜನ ಶಿಷ್ಯರಲ್ಲಿ ಸಂಗಯ್ಯ ಎಂಬಾತನಿದ್ದ. ನಲವತ್ತು ದಾಟಿದ ಆಳು, ಕರಗುವುದರಲ್ಲಿ ಬೆಣ್ಣೆ. ಸಂತೆಯಲ್ಲಿ ಪಂಜರದ ಗಿಳಿ ಕಂಡರೆ ಸಾಕು, ಮಾರುವವನನ್ನು ಕಾಡಿ ಬೇಡಿ ಬಿಡಿಸಿಕೊಂಡು ಹಾರಿಬಿಟ್ಟು ಬರುತ್ತಿದ್ದ.

ಅಜ್ಜ ಅದನ್ನು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. "ದಯೆ ಅಂದ್ರೆ ನಮ್ಮ ಸಂಗಯ್ಯನದು ನೋಡ್ರಪ್ಪ."

ಹೊಗಳಿಕೆ ಯಾರಿಗೆ ಬೇಡ ಹೇಳಿ? ಸಂಗಯ್ಯನಿಗೂ ಅದು ಸಿಹಿಯಾಗಿತ್ತು.

ಒಂದು ಬೇಸಿಗೆ ಅಜ್ಜ ಅವನನ್ನು ಕಾಡು ನೋಡಲು ಕರೆದುಕೊಂಡು ಹೋದರು. ಕೈ ಕಟ್ಟಿಕೊಂಡು ನಡೆಯುವುದು ಸಂಗಯ್ಯನಿಗೆ ಹಿಂಸೆ. ಎಡವಿದರೆ ಹಿಡಿದುಕೊಳ್ಳುವಂತಿಲ್ಲ, ಮುಖಕ್ಕೆ ಜೇಡರಬಲೆ ಮೆತ್ತಿದರೆ ಒರೆಸಿಕೊಳ್ಳುವಂತಿಲ್ಲ.

"ಕೈ ಯಾಕೆ ಕಟ್ಟಬೇಕು ಅಜ್ಜಾ?"

"ನಮ್ಮ ಕೈಯಿಂದ ಈ ಕಾಡಿಗೆ ಆಗಬೇಕಾದ್ದು ಏನೂ ಇಲ್ಲ."

ಕದಿಯಬಾರದು ಎನ್ನುವುದಕ್ಕೆ ಇಷ್ಟು ಸುತ್ತು ಮಾತು ಯಾಕೆ ಅಂದುಕೊಂಡ ಸಂಗಯ್ಯ. ತಾನು ಕಳ್ಳನಲ್ಲವಲ್ಲ.

ಆದರೆ ಕಾಡು ಅವನ ಬಾಯಿ ಮುಚ್ಚಿಸಿತು. ಆರು ಜನ ಕೈ ಕೈ ಹಿಡಿದರೂ ತಬ್ಬಲಾಗದ ಮರಗಳು. ಮೇಲೆಲ್ಲೋ ಕೆಂಚಳಿಲು ಕೊಂಬೆಯಿಂದ ಕೊಂಬೆಗೆ ನೆಗೆಯಿತು. ಕಾಡುಕುರಿಯೊಂದು ದಾರಿಯಲ್ಲೇ ನಿಂತು ಅವರನ್ನು ನೋಡಿ, ತನ್ನ ಪಾಡಿಗೆ ಮೇಯತೊಡಗಿತು. ಅದಕ್ಕೆ ಮನುಷ್ಯರ ಭಯವೇ ಇರಲಿಲ್ಲ. ಸಂಗಯ್ಯನ ಕಣ್ಣು ತುಂಬಿ ಬಂತು.

ಮಧ್ಯಾಹ್ನದ ಹೊತ್ತಿಗೆ ಅಜ್ಜ ಒಂದು ಝರಿಯ ಪಕ್ಕ ಕೂತುಬಿಟ್ಟರು. "ನನ್ನ ಮೊಣಕಾಲು ಇನ್ನು ಮಾತು ಕೇಳಲ್ಲ. ನೀನು ಮುಂದೆ ಹೋಗಿ ನೋಡಿಕೊಂಡು ಬಾ." ಹಾಗೆಂದವರು ಅಲ್ಲೇ ಕಣ್ಣುಮುಚ್ಚಿ ಒರಗಿದರು.

ಸಂಗಯ್ಯ ಒಬ್ಬನೇ ನಡೆದ. ಸ್ವಲ್ಪ ದೂರದಲ್ಲಿ ಒಂದು ಮುದಿ ತಾರೆಮರ. ಅದರ ಮೈಯಲ್ಲಿ ಎರಡಾಳೆತ್ತರದಲ್ಲಿ ಒಂದು ಪೊಟರೆ. ಪೊಟರೆಯ ಬಾಯಿಗೆ ಮಣ್ಣಿನಂಥದ್ದೇನೋ ಮೆತ್ತಿ ಮುಚ್ಚಿತ್ತು. ನಡುವೆ ಬೆರಳಗಲದ ಸೀಳು. ಆ ಸೀಳಿನಲ್ಲಿ ಒಂದು ಕೊಕ್ಕು ಆಡಿತು.

ಸಂಗಯ್ಯ ಮರದ ಬುಡಕ್ಕೆ ಓಡಿದ. ಜೀವಂತ ಹಕ್ಕಿಯನ್ನು ಗೋಡೆ ಕಟ್ಟಿ ಹೂತಿದ್ದಾರೆ!

ಪಂಜರ ಕಂಡ ಕೈ ಬೆನ್ನ ಹಿಂದೆ ನಿಲ್ಲುವುದುಂಟೇ? ಮರಕ್ಕೆ ಸುತ್ತಿದ ಬಳ್ಳಿ ಹಿಡಿದು ಹತ್ತಿದ. ಗೋಡೆ ಇಟ್ಟಿಗೆಯಷ್ಟು ಗಟ್ಟಿ. ಒಣಕೊಂಬೆಯ ತುಂಡಿನಿಂದ ಕುಟ್ಟಿದ, ಉಗುರಿನಿಂದ ಕೆರೆದ, ಬೆರಳಿನಲ್ಲಿ ರಕ್ತ ಬಂತು. ಒಳಗಿನ ಹಕ್ಕಿ ಕಿರುಚಿತು. ಹೊರಗೆ ಬರುವ ಆತುರ ಪಾಪ ಅಂದುಕೊಂಡು ಇನ್ನೂ ಜೋರಾಗಿ ಕುಟ್ಟಿದ.

ಗೋಡೆ ಕಳಚಿ ಬಿತ್ತು.

ಹಕ್ಕಿ ಹಾರಲಿಲ್ಲ. ಒಳಕ್ಕೆ ಒಳಕ್ಕೆ ಸರಿಯಿತು. ಅವನು ಕೈ ಚಾಚಿದ. ಅದು ಅವನ ಬೆರಳನ್ನು ಕಚ್ಚಿ, ತೋಳಿನ ಮೇಲಿಂದ ಉರುಳಿ, ಒದ್ದೆ ಬಟ್ಟೆಯಂತೆ ಧೊಪ್ಪನೆ ನೆಲಕ್ಕೆ ಬಿತ್ತು. ಅದರ ರೆಕ್ಕೆಯಲ್ಲಿ ಗರಿಗಳೇ ಇರಲಿಲ್ಲ. ತೆವಳುತ್ತ ಪೊದೆಗೆ ನುಗ್ಗಿತು.

ಸಂಗಯ್ಯ ಪೊಟರೆಯೊಳಗೆ ಇಣುಕಿದ. ಉದುರಿದ ಗರಿಗಳ ಹಾಸಿಗೆ. ಅದರ ಮೇಲೆ ಎರಡು ಮರಿ. ಮೈಮೇಲೆ ಒಂದು ತುಪ್ಪಳವೂ ಇಲ್ಲದ, ಕಣ್ಣೂ ತೆರೆಯದ ಮರಿಗಳು.

ಕಿರುಚಾಟ ಕೇಳಿ ಕಾಡಿನ ಕಾವಲಿನ ಹಮ್ಮು ಗೌಡ ಓಡಿಬಂದ. ಅವನ ಹಿಂದೆ ಕುಂಟುತ್ತ ಅಜ್ಜ ಬಂದರು. ಒಡೆದ ಗೋಡೆ ನೋಡಿ ಗೌಡ ತಲೆಯ ಮೇಲೆ ಕೈ ಹೊತ್ತು ಕೂತ.

"ಮಂಗಟ್ಟೆ ಗೂಡು ಸ್ವಾಮಿ ಅದು. ಹೆಣ್ಣು ತಾನೇ ಒಳಗೆ ಹೋಗಿ ತಾನೇ ಬಾಗಿಲು ಮುಚ್ಕಂತದೆ. ತನ್ನ ಹಿಕ್ಕೆ, ಹಣ್ಣಿನ ತಿರುಳು, ಎಲ್ಲ ಸೇರಿಸಿ ಮೆತ್ತತದೆ. ಒಳಗೆ ಕೂತು ಗರಿ ಉದುರಿಸ್ತದೆ. ಗಂಡು ಹಣ್ಣು ತಂದು ಆ ಸೀಳಲ್ಲಿ ಉಣಿಸ್ತದೆ. ಮರಿ ಬಲಿತ ಮೇಲೆ ಅದೇ ಒಡ್ಕಂಡು ಬರ್ತಿತ್ತು."

"ನಾನು ಮತ್ತೆ ಮೆತ್ತಿಬಿಡ್ತೀನಿ. ಮಣ್ಣು ತರ್ತೀನಿ, ಈಗಲೇ ತರ್ತೀನಿ," ಅಂದ ಸಂಗಯ್ಯ.

"ತಾಯಿ ಎಲ್ಲೈತೆ ಒಳಗೆ ಕೂರಿಸೋಕೆ?" ಅಂದ ಗೌಡ.

ಮೂವರೂ ಸಂಜೆಯವರೆಗೆ ಪೊದೆ ಪೊದೆ ಹುಡುಕಿದರು. ಸಂಗಯ್ಯ ಮುಳ್ಳಿನಲ್ಲಿ ಮುಖ ಗೀರಿಕೊಂಡು ತೆವಳಿದ. ಹಕ್ಕಿ ಸಿಗಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಪೊಟರೆಯೂ ಬರಿದು. ಮರದ ಬುಡದಲ್ಲಿ ಪುನುಗುಬೆಕ್ಕಿನ ಹೆಜ್ಜೆಗಳಿದ್ದವು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅನ್ನುತ್ತಾರಲ್ಲ, ಹಾಗಾದರೆ ನಗಬಹುದು. ಇಲ್ಲಿ ನಗುವಂಥದ್ದು ಏನಿತ್ತು?

ಸಂಗಯ್ಯ ಅಜ್ಜನ ಕಾಲು ಹಿಡಿದ. "ನಾನು ಏನೂ ತೆಗೆದುಕೊಳ್ಳಲಿಲ್ಲ ಅಜ್ಜಾ. ಒಂದು ಎಲೆ ಕೂಡ ಕೀಳಲಿಲ್ಲ."

"ಹೌದಪ್ಪ. ನೀನು ಕೊಟ್ಟೆ. ಆ ಹಕ್ಕಿ ಕೇಳದೇ ಇದ್ದದ್ದನ್ನು ಕೊಟ್ಟೆ."

"ಪ್ರಾಯಶ್ಚಿತ್ತ ಹೇಳಿ. ಉಪವಾಸ ಇರ್ತೀನಿ. ಕಾಶಿಗೆ ನಡೆದೇ ಹೋಗ್ತೀನಿ. ಏನು ಬೇಕಾದರೂ ಮಾಡ್ತೀನಿ."

"ಮಾಡೋದು ಸಾಕು. ಬಾ, ಕೂರು."

ಅಜ್ಜ ಅವನನ್ನು ತಾರೆಮರದ ಎದುರಿಗೆ ಕರೆದೊಯ್ದು ಕೂರಿಸಿದರು. ತಾವೂ ಪಕ್ಕದಲ್ಲಿ ಕೂತರು.

ಹೊತ್ತೇರುವಾಗ ಗಂಡು ಮಂಗಟ್ಟೆ ಬಂತು. ಕೊಕ್ಕಿನ ತುದಿಯಲ್ಲಿ ಅತ್ತಿಹಣ್ಣು. ಗಂಟಲಿನಲ್ಲಿ ಇನ್ನಷ್ಟು. ಪೊಟರೆಯ ಅಂಚಿಗೆ ಆತು ನಿಂತು ಹಣ್ಣನ್ನು ಒಳಗೆ ಚಾಚಿತು. ಕಾಯಿತು. ಕೊಕ್ಕನ್ನು ಮರಕ್ಕೆ ಟಕ್ ಟಕ್ ಎಂದು ಬಡಿಯಿತು. ಮತ್ತೆ ಕಾಯಿತು. ಹಣ್ಣನ್ನು ಕೆಳಗೆ ಬೀಳಿಸಿ ಹಾರಿಹೋಯಿತು.

ಗಳಿಗೆಯೊಳಗೆ ಇನ್ನೊಂದು ಹಣ್ಣು ತಂದಿತು.

"ಅಜ್ಜಾ, ನಾನು ಇದನ್ನ ನೋಡಲಾರೆ."

"ನಾನೂ ನೋಡಲಾರೆ. ಆದರೂ ನೋಡು."

ಮರುದಿನವೂ ಬಂತು. ಅದರ ಮರುದಿನವೂ. ಗಂಡು ದಿನಕ್ಕೆ ಎಷ್ಟೋ ಸಲ ಬರುತ್ತಿತ್ತು. ಮರದ ಕೆಳಗೆ ಹಣ್ಣಿನ ರಾಶಿ ಕೊಳೆತು ನೊಣ ಮುತ್ತಿತು. ಸಂಗಯ್ಯನಿಗೆ ಅನ್ನ ಇಳಿಯದಾಯಿತು. ಅವನು ಹಾರಿಬಿಟ್ಟ ಗಿಳಿಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಅವುಗಳ ರೆಕ್ಕೆ ಕತ್ತರಿಸಿತ್ತೋ ಇಲ್ಲವೋ, ಒಂದರ ರೆಕ್ಕೆಯನ್ನೂ ತಾನು ಅಗಲಿಸಿ ನೋಡಿರಲಿಲ್ಲ.

"ಅಜ್ಜಾ, ನೀವು ನನ್ನನ್ನ ಬೈಯಲೇ ಇಲ್ಲ."

"ಯಾವ ಬಾಯಲ್ಲಿ ಬೈಯಲಿ? ನೀನು ಪಂಜರ ತೆಗೆದಾಗಲೆಲ್ಲ ಹೊಗಳಿದವನು ನಾನು. ಮುಚ್ಚಿದ್ದೆಲ್ಲ ಪಂಜರ ಅಲ್ಲ ಅಂತ ಒಂದು ದಿನವೂ ಹೇಳಲಿಲ್ಲ. ನಿನ್ನನ್ನ ಒಬ್ಬನೇ ಕಳಿಸಿ ನಿದ್ದೆ ಹೋದೆ."

ಅಜ್ಜನ ದನಿ ನಡುಗಿತು. ಸಂಗಯ್ಯ ಅವರನ್ನು ಹಾಗೆ ಕಂಡಿದ್ದು ಅದೇ ಮೊದಲು. ಅದು ಅವನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಒಂಬತ್ತನೆಯ ದಿನ ಗಂಡು ಒಂದೇ ಸಲ ಬಂತು. ಕೊಕ್ಕಿನಲ್ಲಿ ಹಣ್ಣಿರಲಿಲ್ಲ. ಪೊಟರೆಯ ಎದುರಿನ ಕೊಂಬೆಯಲ್ಲಿ ಬಹಳ ಹೊತ್ತು ಕೂತಿತ್ತು. ಆಮೇಲೆ ಬೆಟ್ಟದ ಕಡೆಗೆ ಹಾರಿತು. ಮತ್ತೆ ಬರಲಿಲ್ಲ.

ಹತ್ತನೆಯ ದಿನವೂ ಇಬ್ಬರೂ ಕೂತರು. ಹನ್ನೊಂದನೆಯ ದಿನವೂ ಕೂತರು. ಹಮ್ಮು ಗೌಡ ಆ ದಾರಿಯಲ್ಲಿ ಹೋಗುತ್ತ ಅವರನ್ನು ನೋಡಿ ಮುಂದೆ ನಡೆದ.

ಹೊತ್ತು ಇಳಿಯಿತು. ಸಂಗಯ್ಯ ಪೊಟರೆಯಿಂದ ಕಣ್ಣು ಕೀಳದೆಯೇ ಕೇಳಿದ.

"ಅಜ್ಜಾ, ನನಗೆ ಎಂದಾದರೂ ಕ್ಷಮೆ ಸಿಗುತ್ತದೆಯೇ?"

ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು ಎದ್ದು ನಿಂತರು.

"ಯಾರ ಹತ್ತಿರ ಹೋಗಿ ಕೇಳಬೇಕು ಹೇಳು ಸಂಗಯ್ಯ, ನಾನೂ ನಿನ್ನ ಜೊತೆ ಬರ್ತೀನಿ."